ತೆಳುದೇಹದೊಳಗಿನ ಬೊಜ್ಜು
(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಎಳೆಯ ಮಕ್ಕಳ ಬೊಜ್ಜನ್ನು ಕುರಿತು ಮಾತನಾಡುತ್ತೇನೆಂದು ನಾನು ಒಪ್ಪಿಕೊಂಡಾಗ ಸಂಘದ ಹಿರಿಯರೊಬ್ಬರು, "ಹೊಟ್ಟೆಗಿಲ್ಲದ ಮಕ್ಕಳಿರುವ ದೇಶದಲ್ಲಿ ಇದು ಹೊಟ್ಟೆ ತುಂಬಿದವರ ಚಿಂತೆಯಲ್ಲವೇ ಡಾಕ್ಟರೇ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ಶೇ. 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿಲ್ಲ. ಅತಿತೂಕದ ಮಕ್ಕಳು ಶೇ. 3.4 ಮಾತ್ರ. ಆದರೂ ನಾನು ಈ ವಿಷಯವನ್ನೇ ಆರಿಸಿಕೊಂಡೆ. ಏಕೆಂದರೆ ಹಸಿವು ಮತ್ತು ಬೊಜ್ಜು ಎರಡು ಬೇರೆ ಬೇರೆ ಮನೆಗಳ ಕಥೆಯಲ್ಲ. ಅನೇಕ ವೇಳೆ ಅದು ಒಂದೇ ಮಗುವಿನ ಕಥೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟ ಊರುಗಳಲ್ಲಿ ಎರಡು ನಮಗೆ ಸೇರಿದವು: ನಾನು ಬಿಟ್ಟು ಬಂದ ಮೈಸೂರು, ನಾವೆಲ್ಲ ನೆಲೆನಿಂತ ಈ ಪುಣೆ.

ಮೊದಲು ಪುಣೆಯ ಮಾತು. ಇಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಅವರ ಸಂಗಡಿಗರು 1993ರಲ್ಲಿ ಸುತ್ತಲಿನ ಆರು ಹಳ್ಳಿಗಳ ತಾಯಂದಿರ ಅಧ್ಯಯನವನ್ನು ಆರಂಭಿಸಿದರು. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳದು 3.5 ಕಿಲೋ. ನಮ್ಮ ಕೂಸುಗಳಲ್ಲಿ ಮಾಂಸಖಂಡ ಕಡಿಮೆ, ಹೊಟ್ಟೆಯ ಸುತ್ತಳತೆ ಕಡಿಮೆ. ಆದರೆ ಬೆನ್ನ ಮೇಲಿನ ಚರ್ಮದಡಿಯ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ಕಣ್ಣಿಗೆ ಸಣಕಲು, ಒಳಗೆ ಕೊಬ್ಬು! 2004ರಲ್ಲಿ ಯಾಜ್ಞಿಕರು ಲಂಡನ್ನಿನ ಪ್ರೊ. ಯುಡ್ಕಿನ್ ಅವರೊಡನೆ ತಮ್ಮದೇ ಚಿತ್ರವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ಆಂಗ್ಲರ ದೇಹದಲ್ಲಿ ಕೊಬ್ಬು ಶೇ. 9.1, ನಮ್ಮವರಲ್ಲಿ ಶೇ. 21.2. ತಕ್ಕಡಿ ಹೇಳದ ಸತ್ಯ ಇದು.

ಇನ್ನು ಮೈಸೂರು. ನಮ್ಮ ಕಡೆಯ ಜನ 'ಮಿಷನ್ ಆಸ್ಪತ್ರೆ' ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. ಯಾವ ಪ್ರಶಸ್ತಿಯ ಆಸೆಯೂ ಇಲ್ಲದೆ ಸೂಲಗಿತ್ತಿಯರು ತುಂಬಿದ ಆ ದಫ್ತರಗಳು ಅರ್ಧ ಶತಮಾನದ ಬಳಿಕ ವಿಜ್ಞಾನಕ್ಕೆ ಒದಗಿಬಂದವು. ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಹಾಗೂ ಸಂಗಡಿಗರು ಮುಂದಿಟ್ಟಿದ್ದ ವಾದ, ಎಂದರೆ ಹೃದ್ರೋಗ ಮಧುಮೇಹಗಳ ಬೇರು ಗರ್ಭದಲ್ಲೇ ಇದೆ ಎಂಬುದು, ಅಲ್ಲಿ ಪರೀಕ್ಷೆಗೊಳಪಟ್ಟಿತು. 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರ ಇನ್ನೊಂದು ಅಧ್ಯಯನ ಮೊದಲಾಯಿತು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಕಂಡ ತಾಯಂದಿರ ಹೆಣ್ಣುಮಕ್ಕಳ ಮೈಯಲ್ಲಿ ಐದನೆಯ ವರ್ಷಕ್ಕೇ ಹೆಚ್ಚು ಕೊಬ್ಬು ಕಂಡುಬಂದಿತು. ಆ ಹೆಣ್ಣುಮಕ್ಕಳೇ ಮುಂದೆ ತಾಯಂದಿರು. ಹೀಗೆ ರೋಗ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇಳಿಯುತ್ತದೆ.

ಈ ನೆಲೆಯ ಮೇಲೆ ಒಂದು ಅಂತರರಾಷ್ಟ್ರೀಯ ಯೋಜನೆ ಎದ್ದುನಿಂತಿದೆ. ಕೆನಡಾ, ಚೀನಾ, ಭಾರತ, ದಕ್ಷಿಣ ಆಫ್ರಿಕಾ ದೇಶಗಳು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ಕೈಗೊಂಡ 'ಹೆಲ್ಟಿ' ಯೋಜನೆ ಅದು. ಭಾರತದ ಪಾಲಿನ ಕಾರ್ಯಕ್ಷೇತ್ರ ಮೈಸೂರು ಜಿಲ್ಲೆಯ ಹಳ್ಳಿಗಳು. ಬಾಲ್ಯದ ಬೊಜ್ಜನ್ನು ತಡೆಯಲು ಯಾವಾಗ ಕೈಹಾಕಬೇಕು ಎಂಬುದು ಅದರ ಮೂಲಪ್ರಶ್ನೆ. ಕೆಲವು ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಗರ್ಭ ಧರಿಸುವ ಮೊದಲೇ, ಇನ್ನು ಕೆಲವೆಡೆ ಗರ್ಭಿಣಿಯಾದ ಮೇಲೆ, ಆಹಾರ, ದೇಹಶ್ರಮ, ಮನಸ್ಸಿನ ನೆಮ್ಮದಿ, ಮನೆಯ ಪರಿಸರ ಇವುಗಳಲ್ಲಿ ನೆರವು ನೀಡಿ, ಮಗುವಿಗೆ ಐದು ತುಂಬಿದಾಗ ಕೊಬ್ಬನ್ನು ಅಳೆಯುವುದು ಅದರ ಕ್ರಮ.

ಯುರೋಪಿನಲ್ಲಿ ಇದಕ್ಕೆ ಮುಂಚೆ, 2010ರಲ್ಲಿ, 'ಟಾಯ್‌ಬಾಕ್ಸ್' ಎಂಬ ಯೋಜನೆ ಆರಂಭವಾಗಿತ್ತು. ಬೆಲ್ಜಿಯಂ, ಬಲ್ಗೇರಿಯಾ, ಜರ್ಮನಿ, ಗ್ರೀಸ್, ಪೋಲೆಂಡ್, ಸ್ಪೇನ್‌ಗಳ ಶಿಶುವಿಹಾರಗಳಲ್ಲಿ ಮಕ್ಕಳು ನೀರು ಕುಡಿಯುವುದು, ಒಳ್ಳೆಯ ತಿಂಡಿ ತಿನ್ನುವುದು, ಕುಳಿತಲ್ಲೇ ಕೂರದಿರುವುದು, ಆಡುವುದು ಎಂಬ ನಾಲ್ಕು ಅಭ್ಯಾಸಗಳನ್ನು ಅದು ಹಿಡಿದುಕೊಂಡಿತು. ಯುರೋಪು ಶಿಶುವಿಹಾರದ ಬಾಗಿಲಿನಿಂದ ಹೊರಟರೆ ಮೈಸೂರು ತಾಯಿಯ ಮಡಿಲಿಗೂ ಹಿಂದಿನಿಂದ ಹೊರಟಿದೆ. ನನ್ನ ದೃಷ್ಟಿಯಲ್ಲಿ ಇವೆರಡೂ ಬೇಕು; ಒಂದು ಇನ್ನೊಂದಕ್ಕೆ ಬದಲಿಯಲ್ಲ.

ಈಗ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ನಮ್ಮವರೇ ಆದ ತಾಯಿಯೊಬ್ಬರು ಮೂರು ವರ್ಷದ ಮಗನನ್ನು ಕರೆತಂದು, "ಏನೂ ತಿನ್ನೋದಿಲ್ಲ ಡಾಕ್ಟರೇ, ಎಲುಬು ಕಾಣ್ತಾ ಇದೆ" ಎಂದು ಕಣ್ಣೀರಿಟ್ಟರು. ಮಗು ತನ್ನ ಪಾಡಿಗೆ ಸರಿಯಾಗಿ ಬೆಳೆಯುತ್ತಿತ್ತು. ಹಾಗೆಂದು ಹೇಳಿ ಕಳುಹಿಸುವ ಬದಲು, ಅವರ ಸಮಾಧಾನಕ್ಕೆಂದು, ಹಸಿವಿನ ಟಾನಿಕ್ಕನ್ನೂ ಡಬ್ಬದ ಪುಡಿಯನ್ನೂ ಬರೆದುಕೊಟ್ಟೆ. ಮುಂದಿನ ಸಲ ಬಂದಾಗ ಹುಡುಗ ಗುಂಡಗಾಗಿದ್ದ. ತಾಯಿ ದೃಷ್ಟಿಬೊಟ್ಟು ಇಟ್ಟಿದ್ದರು, ನಾನೂ ಬೀಗಿದೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಮತ್ತೆ ಬಂದ. ಕುತ್ತಿಗೆಯ ಹಿಂದೆ ಕಪ್ಪಗೆ ಮಖಮಲ್ಲಿನಂಥ ಪಟ್ಟೆ. ಅದನ್ನು ಕೊಳೆಯೆಂದು ಭಾವಿಸಿ ತಾಯಿ ವರ್ಷಗಟ್ಟಲೆ ಉಜ್ಜಿದ್ದರಂತೆ. ಅದು ಕೊಳೆಯಲ್ಲ, ದೇಹ ಇನ್ಸುಲಿನ್ನಿಗೆ ಓಗೊಡದಿರುವುದರ ಗುರುತು. ಆ ತಾಯಿ ನನ್ನನ್ನು ದೂರಲಿಲ್ಲ. ಅದೇ ನನಗೆ ಹೆಚ್ಚು ನೋವಿನದು.

ಊರು ಬಿಟ್ಟು ಬಂದ ನಮ್ಮಲ್ಲಿ ಮಗುವಿನ ಮೈತುಂಬಿದ ಕೆನ್ನೆ ನಾವು ಸೋಲಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿಬಿಟ್ಟಿದೆ. ಬರಗಾಲ ಕಂಡ ಅಜ್ಜಿ ಮೊಮ್ಮಗನಿಗೆ ಇನ್ನೊಂದು ತುತ್ತು ಇಡುವುದು ಪ್ರೀತಿಯೇ ಹೊರತು ಅಜ್ಞಾನವಲ್ಲ. ಆದ್ದರಿಂದ ತಾಯಂದಿರನ್ನು ಬೈದು ಈ ಕೆಲಸ ಆಗದು. ಮಗುವಿಗೆ ಓಡಲು ಜಾಗವಿಲ್ಲದ ವಸತಿ ಸಂಕೀರ್ಣಗಳನ್ನು ಕಟ್ಟಿದವರು ಯಾರು? ಸಕ್ಕರೆಯ ಪುಡಿಯನ್ನು 'ಶಕ್ತಿ'ಯೆಂದು ಮಾರಿದವರು ಯಾರು? ಮೂರು-ನಾಲ್ಕು ವರ್ಷದ ಮಗು ದಿನಕ್ಕೆ 180 ನಿಮಿಷ ಮೈಯಾಡಿಸಬೇಕು, ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಆಡಲು ಅಂಗಳವಿಲ್ಲದೆ ಈ ಸಲಹೆ ಕಾಗದದ ಮೇಲಿನ ಪುಣ್ಯ. ಇದು ವೈದ್ಯಕೀಯಕ್ಕಿಂತ ಮೊದಲು ನಗರ ರಾಜಕಾರಣದ ಪ್ರಶ್ನೆ. ಪಾಲಿಕೆಗೆ ಮತ ಹಾಕುವ ನಾವು ಕೇಳಬೇಕಾದದ್ದು.

ಕೊನೆಗೆ ನಮ್ಮ ಮನೆಯದೇ ಮಾತು. ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ ಪುಟಾಣಿಗಳಿಗೆ ಕ್ರೀಮ್ ಬಿಸ್ಕತ್ತು, ತಂಪು ಪಾನೀಯ ಹಂಚುತ್ತೇವೆ. ಅದರ ಜಾಗದಲ್ಲಿ ಬಾಳೆಹಣ್ಣು, ಕೋಸಂಬರಿ, ನೀರು ಇರಲಿ. ಅ ಆ ಇ ಈ ಕಲಿಸುವ ಒಂದು ಗಂಟೆಯಲ್ಲಿ ಅರ್ಧ ಗಂಟೆ ಕುಂಟೆಬಿಲ್ಲೆಗೆ, ಕಣ್ಣಾಮುಚ್ಚಾಲೆಗೆ ಮೀಸಲಾಗಲಿ. ಆಟದಲ್ಲಿ ಬಂದ ಕನ್ನಡ ಬೇಗ ಮರೆಯುವುದಿಲ್ಲ. ಮದುವೆ ನಿಶ್ಚಯವಾದ ನಮ್ಮ ಹೆಣ್ಣುಮಕ್ಕಳ ರಕ್ತದ ಕಬ್ಬಿಣಾಂಶ, ಸಕ್ಕರೆಗಳನ್ನು ಪರೀಕ್ಷಿಸುವ ಶಿಬಿರವನ್ನು ಸಂಘ ವರ್ಷಕ್ಕೊಮ್ಮೆ ನಡೆಸುವುದಾದರೆ ನನ್ನ ಸೇವೆ ಉಚಿತ.

ಮೈಸೂರಿನ ಸೂಲಗಿತ್ತಿಯರು ತಮಗೆ ತಿಳಿಯದ ಮುಂದಿನವರಿಗಾಗಿ ಬರೆದಿಟ್ಟರು. ನಾವು ಕಣ್ಣೆದುರಿನ ಮಕ್ಕಳಿಗಾಗಿ ಇಷ್ಟನ್ನಾದರೂ ಮಾಡೋಣ.