ಪಕ್ಕದಲ್ಲಿ ಕೂತು ಹೇಳಿಕೊಡುವವರು

ನಾನು ಎಸ್.ಎಸ್.ಎಲ್.ಸಿ. ಓದಿ ಅಂಗಡಿಯಲ್ಲಿ ಕೂತವನು. ಭಾಷಣ ಬಾರದು. ಅಂಗಡಿ ಮಾತನ್ನೇ ಆಡುತ್ತೇನೆ, ಮನ್ನಿಸಬೇಕು.

ತಮಿಳುನಾಡಿನ 1959ರ ಹಿಂದೂ ಧಾರ್ಮಿಕ ದತ್ತಿ ಕಾಯ್ದೆ ಈಗಿರುವಂತೆ, ಇಲಾಖೆ ನೇಮಿಸುವ ಧರ್ಮಕರ್ತರ ಮಂಡಳಿಯಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರೊಬ್ಬರು, ಮಹಿಳೆಯೊಬ್ಬರು ಇರಲೇಬೇಕು. ಹಾಗೆ ನಮ್ಮ ಮಂಡಳಿಗೆ ಕಾಲೊನಿಯಿಂದ ಒಬ್ಬರು ಬಂದರು. ಕಟ್ಟಡದ ಕೆಲಸ ಮಾಡುವವರು, ನನಗಿಂತ ಚಿಕ್ಕವರು. ಶಾಲು ಹೊದಿಸಿದೆವು, ಪರಿವಟ್ಟ ಕಟ್ಟಿದೆವು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತೆಂದುಕೊಂಡೆವು. ಸಭೆಯಲ್ಲಿ ಪುಸ್ತಕ ಮುಂದಿಟ್ಟು "ಇಲ್ಲಿ ರುಜು ಹಾಕಪ್ಪ" ಎನ್ನುತ್ತಿದ್ದವನು ನಾನೇ. ಅವರು ಹಾಕುತ್ತಿದ್ದರು. ಲೆಕ್ಕ ತಪಾಸಣೆಯವರು ಬಂದು ಒಂದು ಖರ್ಚಿನ ಬಗ್ಗೆ ಕೇಳಿದಾಗ ಅವರು ನನ್ನ ಮುಖ ನೋಡಿದರು. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ.

ಪಂಚಾಯತಿಗಳಲ್ಲೂ ಕಂಡಿದ್ದೇವೆ. 1996ರ ಚುನಾವಣೆಯಲ್ಲಿ ಅಧ್ಯಕ್ಷಸ್ಥಾನ ಪರಿಶಿಷ್ಟರಿಗೆ ಮೀಸಲಾದಾಗ, ಮದುರೈ ಜಿಲ್ಲೆಯ ಪಾಪಾಪಟ್ಟಿ, ಕೀರಿಪಟ್ಟಿಗಳಲ್ಲಿ ಅವರು ಆ ಸ್ಥಾನದಲ್ಲಿ ನೆಲೆಯಾಗಿ ಕೂರಲು 2006ರವರೆಗೆ ಕಾಯಬೇಕಾಯಿತು. ನಾವು ಯಾರನ್ನೂ ತಡೆಯಲಿಲ್ಲ, ನಿಜ. ಕುರ್ಚಿ ಕೊಟ್ಟು ಪುಸ್ತಕ ಮುಚ್ಚಿಟ್ಟೆವು. ಗೆದ್ದವರಿಗೆ ಸರ್ಕಾರ ಮರೈಮಲೈ ನಗರದ ಸಂಸ್ಥೆಯ ಮೂಲಕ ತರಬೇತಿ ಕೊಡಿಸಿದೆ, ಒಳ್ಳೆಯದೇ. ಊರಿಗೆ ಬಂದ ಮೇಲೆ ಅನುಮಾನ ಬಂದರೆ ಯಾರನ್ನು ಕೇಳುವುದು?

ಅಂಗಡಿ ಬಾಗಿಲು ಹಾಕಿದ ಮೇಲೆ ಇಬ್ಬರೂ ಕೂರತೊಡಗಿದೆವು. ನನ್ನ ರೋಕಡ ಪುಸ್ತಕದಿಂದಲೇ ಶುರು. ಜಮೆ ಯಾವುದು, ಖರ್ಚು ಯಾವುದು, ರಸೀದಿ ಇಲ್ಲದ್ದನ್ನು ಏಕೆ ಒಪ್ಪಬಾರದು, ಹುಂಡಿ ತೆರೆಯುವ ಮುಂಚೆ ಮುದ್ರೆ ನೋಡಬೇಕು, ಮೊತ್ತ ಬರೆಯದ ಪಟ್ಟಿಗೆ ರುಜು ಹಾಕಬಾರದು. ನಮ್ಮ ಮಾತು ಕನ್ನಡ, ಕಾಗದವೆಲ್ಲ ತಮಿಳು. ತಮಿಳು ಓದುವುದರಲ್ಲಿ ಅವರೇ ಚುರುಕು. ಮಂಟಪದ ರಿಪೇರಿಗೆ ಬಂದ ಸಿಮೆಂಟು ಮೂಟೆಯ ಲೆಕ್ಕದಲ್ಲಂತೂ ಅವರು ಗುರು, ನಾನು ಶಿಷ್ಯ. ಬ್ರಾಹ್ಮಣರಲ್ಲದ ಕಾಂಚೀಪೂರ್ಣರನ್ನು ರಾಮಾನುಜಾಚಾರ್ಯರು ದಾರಿ ಕೇಳಿದರೆಂದು ಹರಿಕಥೆಯಲ್ಲಿ ಕೇಳಿದ್ದೇವೆ. ಕೇಳಿ, ಮನೆಗೆ ಹೋಗಿ ಮಲಗಿದ್ದೇವೆ.

ನಾಲ್ಕು ತಿಂಗಳಾಗಿರಬೇಕು. ಸಭೆಯಲ್ಲಿ ಅವರು ಎದ್ದು, ದೇವರ ಜಮೀನಿನ ಗುತ್ತಿಗೆ ಮೂರು ವರ್ಷದಿಂದ ಬಾಕಿ ಇದೆಯಲ್ಲ, ಏಕೆ ಎಂದು ಕೇಳಿದರು. ಗುತ್ತಿಗೆದಾರ ನನ್ನ ಭಾವಮೈದ. ಯಾರೂ ಉಸಿರೆತ್ತಲಿಲ್ಲ. ದೇವರ ಸನ್ನಿಧಿ, ಸುಳ್ಳು ಹೇಳಬಾರದು: ಇವನಿಗೆ ಏಕಾದರೂ ಕಲಿಸಿದೆನೋ ಎನ್ನಿಸಿತು. ಮನೆಯಲ್ಲಿ ಎರಡು ವಾರ ಮಾತಿಲ್ಲ. ಬಾಕಿ ಕಂತುಕಂತಾಗಿ ಬಂತು. ಕೊನೆಯ ಕಂತು ಈ ಉತ್ಸವಕ್ಕೆ ಮುಂಚೆ ಜಮೆಯಾಯಿತು.

ಈಗ ನಮ್ಮ ಮಹಿಳಾ ಧರ್ಮಕರ್ತರಿಗೆ ಅವರೇ ಹುಂಡಿ ಲೆಕ್ಕ ತೋರಿಸಿಕೊಡುತ್ತಿದ್ದಾರೆ. ದೇವಸ್ಥಾನವಿರಲಿ, ಹಾಲಿನ ಸಂಘವಿರಲಿ, ಪಂಚಾಯತಿಯಿರಲಿ, ಇಂಥ ಹೊಸಬರು ಬಂದಾಗ ಹಳಬರೊಬ್ಬರು ಒಂದು ವರ್ಷ ಪಕ್ಕದಲ್ಲಿ ಕೂರಬೇಕೆಂದು ನನ್ನ ಕೋರಿಕೆ. ಸಿದ್ಧರಿರುವವರು ತೇರು ನಿಲ್ಲುವುದರೊಳಗೆ ಸಮಿತಿಯಲ್ಲಿ ಹೆಸರು ಕೊಡಿ. ಈ ವರ್ಷದ ಜಮಾ-ಖರ್ಚನ್ನು ಮಂಗಳಾರತಿಯ ನಂತರ ಅವರೇ ಓದುತ್ತಾರೆ. ಪ್ರಸಾದ ತೆಗೆದುಕೊಂಡ ಕೂಡಲೇ ಹೊರಟುಬಿಡಬೇಡಿ.