ಕ್ಯಾಲ್ಕುಲಸ್‌ಗೆ ಮುಂಚೆ ಒಂದು ಹೆಜ್ಜೆ ಹಿಂದಕ್ಕೆ

ಕನ್ನಡ ಎಂ.ಎ. ಮಾಡಿದ ಈ ಆಂಟಿ ಮ್ಯಾಥ್ ಬಗ್ಗೆ ಏನು ಹೇಳ್ತಾರೆ ಅಂತ ನೀವು ನಗುತ್ತಿರಬಹುದು. ನಗಿ, ಪರವಾಗಿಲ್ಲ. ನನಗೆ ಕ್ಯಾಲ್ಕುಲಸ್ ಬರುವುದಿಲ್ಲ. ಆದರೆ ಕ್ಯಾಲ್ಕುಲಸ್ ಪುಸ್ತಕದ ಮುಂದೆ ಕುಳಿತು ಅಳುತ್ತಿದ್ದ ಮಗಳನ್ನು ನೋಡಿದ್ದೇನೆ.

ಹೋದ ವರ್ಷ ಅವಳು ಹನ್ನೆರಡನೇ ಗ್ರೇಡ್. ಎಪಿ ಕ್ಯಾಲ್ಕುಲಸ್ ಶುರುವಾಗಿ ತಿಂಗಳೂ ಆಗಿರಲಿಲ್ಲ. "ಅಮ್ಮ, ಮ್ಯಾಥ್ ನನ್ನ ತಲೆಗೆ ಹತ್ತಲ್ಲ. ಕ್ಲಾಸ್ ಡ್ರಾಪ್ ಮಾಡ್ತೀನಿ" ಅಂದಳು. ಇಂಜಿನಿಯರಿಂಗ್ ಓದುತ್ತೇನೆ ಎನ್ನುತ್ತಿದ್ದ ಹುಡುಗಿ!

"ಸರಿ, ನೀನು ಮಾಡಿದ್ದನ್ನು ಒಂದೊಂದೇ ಸಾಲು ನನಗೆ ಕನ್ನಡದಲ್ಲಿ ಹೇಳು" ಎಂದೆ. ಎರಡನೇ ಸಾಲಿನಲ್ಲಿ, ಒಂದರ ಕೆಳಗೆ 'ಎಕ್ಸ್ ಪ್ಲಸ್ ಎಚ್' ಇದ್ದದ್ದನ್ನು ಅವಳು ಒಂದರ ಕೆಳಗೆ ಎಕ್ಸ್, ಒಂದರ ಕೆಳಗೆ ಎಚ್ ಎಂದು ಎರಡಾಗಿ ಒಡೆದಿದ್ದಳು. "ಎಕ್ಸ್ ಬದಲು 2, ಎಚ್ ಬದಲು 3 ಹಾಕಿ ನೋಡು" ಎಂದೆ. ಒಂದು ಕಡೆ 1/5 ಬಂತು. ಇನ್ನೊಂದು ಕಡೆ 1/2 ಮತ್ತು 1/3 ಕೂಡಿದರೆ 5/6. ಅವಳು ಸುಮ್ಮನಾದಳು.

ಅದು ಕ್ಯಾಲ್ಕುಲಸ್‌ನ ತಪ್ಪಲ್ಲ, ಭಿನ್ನರಾಶಿಯ ತಪ್ಪು. ಐದನೇ ಗ್ರೇಡಿನಲ್ಲಿ ನಾವು ಊರು ಬದಲಾಯಿಸಿದ್ದೆವು. ಆಗ ಬಿಟ್ಟುಹೋದದ್ದನ್ನು ಅವಳು ಬಾಯಿಪಾಠದಿಂದ ಮುಚ್ಚಿಕೊಂಡು ಬಂದಿದ್ದಳು. ನಾನು 'ಎ' ಬಂತಾ ಅಂತ ಮಾತ್ರ ನೋಡಿದ್ದೆ. ಆ ತಪ್ಪು ನನ್ನದು.

ನಿಮಗೂ ಹೀಗಾಗಿದ್ದರೆ, ಹಳೆಯ ಮೂರು ಟೆಸ್ಟ್ ಪೇಪರ್ ತೆಗೆಯಿರಿ. ಉತ್ತರ ಬಿಡಿ, ಲೆಕ್ಕ ಮೊದಲು ದಾರಿ ತಪ್ಪಿದ ಸಾಲಿಗೆ ಗುರುತು ಹಾಕಿ. ಸಾಮಾನ್ಯವಾಗಿ ನಾಲ್ಕೈದು ಕಡೆಯೇ ಮತ್ತೆ ಮತ್ತೆ ಕಾಲು ಜಾರುತ್ತದೆ: ಭಿನ್ನರಾಶಿ, ಮೈನಸ್ ಚಿಹ್ನೆ, ಎಕ್ಸ್‌ಪೋನೆಂಟ್, ಫ್ಯಾಕ್ಟರಿಂಗ್, ಟ್ರಿಗ್ನಾಮೆಟ್ರಿ. 'ಎಕ್ಸ್ ಪ್ಲಸ್ ಎಚ್' ಅನ್ನು ಸ್ಕ್ವೇರ್ ಮಾಡುವಾಗ ನಡುವಿನ '2 ಎಕ್ಸ್ ಎಚ್' ಮರೆತರೆ ಡೆರಿವೇಟಿವ್ ಸಿಗುವುದೇ ಇಲ್ಲ. ಸಂದೇಹ ಬಂದಾಗ ಅಕ್ಷರದ ಜಾಗದಲ್ಲಿ ಸಣ್ಣ ಸಂಖ್ಯೆ ಹಾಕಿ ನೋಡಿ. ಒಂದು ವಾರಕ್ಕೆ ಒಂದೇ ವಿಷಯ, ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಆಮೇಲೆ ಅದನ್ನು ಮನೆಯಲ್ಲಿ ಯಾರಿಗಾದರೂ ಬಾಯಿಬಿಟ್ಟು ಹೇಳಿ. ಅಜ್ಜಿಯಾದರೂ ಸರಿ. ಹೇಳುವಾಗ ಎಲ್ಲಿ ತಡವರಿಸುತ್ತೀರೋ ಅಲ್ಲಿ ಇನ್ನೂ ಕೆಲಸವಿದೆ.

ಸಣ್ಣ ಮಕ್ಕಳ ಪಾಠಕ್ಕೆ ಮರಳುವುದು ನಾಚಿಕೆ ಅನಿಸಬಹುದು. ನಮ್ಮ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಅದರಲ್ಲಿ ಭಿನ್ನರಾಶಿಗೇ ಒಂದು ಇಡೀ ಅಧ್ಯಾಯವಿದೆ. ಅಂಥ ಪಂಡಿತನಿಗೆ ಅದು ಸಣ್ಣದೆನಿಸಲಿಲ್ಲ, ನಮಗೇಕೆ ಅನಿಸಬೇಕು?

ಮಗಳು ಕ್ಲಾಸ್ ಬಿಡಲಿಲ್ಲ. ಆ ಸೆಮಿಸ್ಟರ್‌ನಲ್ಲಿ 'ಬಿ' ಬಂತು. ಅವಳ ಹಿಂದಿನ ಎಷ್ಟೋ 'ಎ'ಗಳಿಗಿಂತ ನನಗೆ ಅದರ ಮೇಲೇ ನಂಬಿಕೆ. ಬಿಟ್ಟುಹೋದ ಪಾಠ ಎಂದರೆ ಬುದ್ಧಿ ಕಡಿಮೆ ಎಂದಲ್ಲ, ಮಕ್ಕಳೇ. ಈ ವಾರ ಒಂದು ಪೇಪರ್ ತೆಗೆದು ನೋಡಿ.