ಹೆಸರು ಮತ್ತು ಹೆಸರಿನ ಬದಲಿ
(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಉಪನ್ಯಾಸ)



ಇಂದಿನ ವಿಷಯ ಇಂಗ್ಲಿಷ್ ವ್ಯಾಕರಣವೆಂದು ಫಲಕದ ಮೇಲೆ ಓದಿಯೂ ತಾವು ಇಷ್ಟು ಮಂದಿ ಬಂದಿರುವುದು ಸಂತೋಷದ ಸಂಗತಿ. ಹಗಲೆಲ್ಲ ದುಡಿದು ಬಂದವರಿಗೆ ವ್ಯಾಕರಣ ಅಷ್ಟೇನೂ ರುಚಿಸುವ ಪದಾರ್ಥವಲ್ಲ. ಆದರೂ ಕಚೇರಿಯಲ್ಲಿ, ಗೋದಾಮಿನಲ್ಲಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ನಾವು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಬೇಕಾಗುತ್ತದೆ. ಇಲ್ಲವೆ ಬೇರೆಯವರು ಬರೆದುದರ ಕೆಳಗೆ ರುಜು ಹಾಕಬೇಕಾಗುತ್ತದೆ. ಆ ಸಾಲುಗಳಲ್ಲಿ ‘ಹಿ’ ಎಂಬ ಪುಟ್ಟ ಪದ ಯಾರನ್ನು ತೋರಿಸುತ್ತದೆ ಎಂಬುದರ ಮೇಲೆ ಹಣ, ಹೊಣೆ, ಒಮ್ಮೊಮ್ಮೆ ಹೊಟ್ಟೆಪಾಡೇ ನಿಂತಿರುವುದುಂಟು. ಆದ್ದರಿಂದ ಈ ವಿಷಯವನ್ನು ಆರಿಸಿಕೊಂಡೆ.

ನಾಮಪದವೆಂದರೆ ಹೆಸರು. ರಾಮಣ್ಣ, ಹುಬ್ಬಳ್ಳಿ, ಬೀಗ, ಸಂಬಳ, ಪ್ರಾಮಾಣಿಕತೆ ಇವೆಲ್ಲ ನಾಮಪದಗಳು. ಇಂಗ್ಲಿಷಿನಲ್ಲಿ ಇದಕ್ಕೆ ನೌನ್ ಎನ್ನುತ್ತಾರೆ. ಹೆಸರನ್ನು ಮತ್ತೆ ಮತ್ತೆ ಹೇಳುವ ಬದಲು ಅದರ ಜಾಗದಲ್ಲಿ ನಿಲ್ಲುವ ಪದ ಪ್ರೋನೌನ್, ಅಂದರೆ ಸರ್ವನಾಮ: ಐ, ಯೂ, ಹಿ, ಶಿ, ಇಟ್, ವಿ, ದೇ ಮೊದಲಾದವು. ಪ್ರೋನೌನ್ ಎಂಬ ಮಾತಿನ ಲ್ಯಾಟಿನ್ ಮೂಲಕ್ಕೆ ‘ಹೆಸರಿನ ಬದಲಿಗೆ’ ಎಂದೇ ಅರ್ಥ.

ಮುಂಬಯಿಯ ಬಟ್ಟೆ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ‘ಬದಲಿ’ ಕೆಲಸಗಾರರೆಂಬ ವರ್ಗವಿದ್ದುದು ತಮ್ಮಲ್ಲಿ ಹಿರಿಯರಿಗೆ ತಿಳಿದಿದೆ. ಖಾಯಂ ಕೆಲಸಗಾರ ಬಾರದ ದಿನ ಅವನ ಯಂತ್ರದ ಮುಂದೆ ಬದಲಿಯವನು ನಿಲ್ಲುತ್ತಿದ್ದ. ಸರ್ವನಾಮವೂ ಅಂಥ ಬದಲಿಯೇ. ಯಾರ ಬದಲು ಬಂದಿದ್ದಾನೆಂದು ತಿಳಿಯದಿದ್ದರೆ ಅವನನ್ನು ಯಾವ ಯಂತ್ರದ ಮುಂದೆ ನಿಲ್ಲಿಸುವುದು?

ಇಷ್ಟು ಸುಲಭವಾದ ವಿಷಯ ನಮಗೇಕೆ ತೊಡಕಾಗುತ್ತದೆ? ಕನ್ನಡವು ನಮಗೆ ಕೊಟ್ಟಿರುವ ಕೆಲವು ಆಸರೆಗಳು ಇಂಗ್ಲಿಷಿನಲ್ಲಿ ಇಲ್ಲ. ಅದೇ ಕಾರಣ.

ಮೊದಲನೆಯ ಆಸರೆ ನಮ್ಮ ಕ್ರಿಯಾಪದ. ‘ಬಂದೆನು’ ಎಂದರೆ ಬಂದವನು ನಾನೇ. ‘ಬಂದಳು’ ಎಂದರೆ ಹೆಂಗಸು. ‘ಬಂತು’ ಎಂದರೆ ಬಸ್ಸೋ ಕಾಗದವೋ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ಕೇಮ್’ ಒಂದೇ. ‘ಜ್ವರ ಬಂದಿದೆ, ನಾಡಿದ್ದು ಬರುತ್ತೇನೆ’ ಎಂಬ ಚೀಟಿ ಕನ್ನಡದಲ್ಲಿ ಪೂರ್ಣ. ಅದನ್ನೇ ‘ವಿಲ್ ಕಮ್’ ಎಂದು ಬರೆದು ಗೆಳೆಯನ ಕೈಯಲ್ಲಿ ಕಳಿಸಿದರೆ, ಬರುವವರು ಯಾರೆಂದು ಮೇಲಧಿಕಾರಿ ಊಹಿಸಬೇಕು. ‘ಐ’ ಬರೆಯಲೇಬೇಕು. ಕರ್ತೃವಿನ ಸ್ಥಾನ ಖಾಲಿ ಬಿಡಬಾರದೆಂಬ ಈ ಕಟ್ಟಿನಿಂದಲೇ ‘ಮಳೆ ಬರುತ್ತಿದೆ’ ಎನ್ನಲೂ ಅವರಿಗೆ ‘ಇಟ್’ ಬೇಕು: ‘ಇಟ್ ಈಸ್ ರೇನಿಂಗ್’. ಅಲ್ಲಿ ‘ಇಟ್’ ಯಾವ ವಸ್ತುವಿನ ಬದಲೂ ಅಲ್ಲ, ಬರಿಯ ಜಾಗ ತುಂಬುವ ಪದ.

ಎರಡನೆಯದು ವಿಭಕ್ತಿ. ‘ಮೋಹನನನ್ನು ರಾಜು ಕರೆದ’ ಎಂದು ಪದಗಳನ್ನು ಹಿಂದುಮುಂದು ಮಾಡಿದರೂ ನಮಗೆ ಅರ್ಥ ಕೆಡದು. ಇಂಗ್ಲಿಷಿನಲ್ಲಿ ಹೆಸರಿಗೆ ಅಂಥ ಪ್ರತ್ಯಯವಿಲ್ಲ. ಕರೆದವನು ಮುಂದೆ, ಕರೆಸಿಕೊಂಡವನು ಹಿಂದೆ. ಆದರೆ ಸರ್ವನಾಮಗಳು ಮಾತ್ರ ರೂಪ ಬದಲಿಸುತ್ತವೆ: ‘ಐ’ ಹೋಗಿ ‘ಮಿ’, ‘ಹಿ’ ಹೋಗಿ ‘ಹಿಮ್’, ‘ಶಿ’ ಹೋಗಿ ‘ಹರ್’, ‘ವಿ’ ಹೋಗಿ ‘ಅಸ್’, ‘ದೇ’ ಹೋಗಿ ‘ದೆಮ್’. ‘ಮ್ಯಾನೇಜರ್ ಕಾಲ್ಡ್ ರಾಜು ಅಂಡ್ ಮಿ’ ಎಂಬುದು ಸರಿ. ಅನುಮಾನ ಬಂದರೆ ರಾಜುವನ್ನು ತೆಗೆದುಹಾಕಿ ನೋಡಿ. ‘ಮ್ಯಾನೇಜರ್ ಕಾಲ್ಡ್ ಐ’ ಎಂದು ಯಾರೂ ಹೇಳುವುದಿಲ್ಲವಷ್ಟೆ.

ಇದೇ ಜಾಗದಲ್ಲಿ ಗುಮಾಸ್ತ ಮಿತ್ರರಿಗೆ ಒಂದು ಕಿವಿಮಾತು. ರಾಜುವಿನ ಚೀಲ ಎನ್ನಲು ಹೆಸರಿಗೆ ಅಪಾಸ್ಟ್ರಫಿ ಎಂಬ ಮೇಲಿನ ಕೊಕ್ಕೆಯೂ ‘ಎಸ್’ ಅಕ್ಷರವೂ ಸೇರುತ್ತವೆ. ‘ಯುವರ್ಸ್’, ‘ಅವರ್ಸ್’, ‘ಹರ್ಸ್’, ‘ಇಟ್ಸ್’ ಎಂಬ ಸರ್ವನಾಮಗಳು ಒಡೆತನವನ್ನು ಹೇಳುವಾಗ ಅವಕ್ಕೆ ಕೊಕ್ಕೆ ಬೇಡ. ಅರ್ಜಿಯ ಕೊನೆಯ ‘ಯುವರ್ಸ್ ಫೇತ್‌ಫುಲಿ’ಯಲ್ಲಿ ಕೊಕ್ಕೆ ಹಾಕುವುದು ನಮ್ಮ ದೇಶದ ಕಚೇರಿಗಳಲ್ಲಿ ಬಹಳ ಕಾಲದಿಂದ ನಡೆದುಬಂದಿರುವ ತಪ್ಪು.

ಮೂರನೆಯದು ಮರ್ಯಾದೆಯ ಬಹುವಚನ. ‘ಸಾಹೇಬರು ಬಂದರು’ ಎನ್ನುವ ನಮಗೆ ‘ಹಿ ಕೇಮ್’ ಎಂದು ಬರೆಯಲು ಅಳುಕು. ಅಳುಕಬೇಕಾಗಿಲ್ಲ. ಹಾಗೆ ಬರೆದರೆ ಅಗೌರವವಿಲ್ಲ. ಗುರುತು ಬಲ್ಲ ಒಬ್ಬ ಸಾಹೇಬರಿಗೆ ‘ದೇ’ ಎಂದರೆ ಓದುವವನು ಇನ್ನಿಬ್ಬರನ್ನು ಹುಡುಕಿಯಾನು. ಗಂಡೋ ಹೆಣ್ಣೋ ತಿಳಿಯದವರಿಗೆ ‘ದೇ’ ಎನ್ನುವ ವಾಡಿಕೆ ಇಂಗ್ಲಿಷಿನಲ್ಲಿ ಹಳೆಯದು. ಆ ಮಾತು ಬೇರೆ. ‘ಯೂ’ ಕೂಡ ಮೊದಲು ಬಹುವಚನವೇ. ಏಕವಚನಕ್ಕೆ ‘ದೌ’ ಎಂಬ ಪದವಿತ್ತು. ನಾವು ‘ನೀವು’ ಎನ್ನುವಂತೆ ಅವರೂ ಮರ್ಯಾದೆಗಾಗಿ ಒಬ್ಬರನ್ನೇ ‘ಯೂ’ ಎನ್ನುತ್ತ ಬಂದರು. ಕ್ರಮೇಣ ‘ದೌ’ ಬಳಕೆ ತಪ್ಪಿತು. ಚಿಕ್ಕ ಹುಡುಗನಿಗೂ ‘ಯೂ ಆರ್’ ಎನ್ನುವ ಗುಟ್ಟು ಇದು.

ನಾಲ್ಕನೆಯ ಆಸರೆ ಎಲ್ಲಕ್ಕಿಂತ ದೊಡ್ಡದು: ನಮ್ಮ ‘ತಾನು’. ‘ರಾಜು ಮೋಹನನಿಗೆ ತನ್ನ ಚೀಲ ಕಳೆದಿದೆಯೆಂದು ಹೇಳಿದ’ ಎಂದರೆ ಚೀಲ ರಾಜುವಿನದು. ‘ಅವನ ಚೀಲ’ ಎಂದರೆ ಇನ್ನೊಬ್ಬನದು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಹಿಸ್ ಬ್ಯಾಗ್’. ಅಲ್ಲಿ ಚೀಲ ಯಾರದೆಂದು ವ್ಯಾಕರಣ ಹೇಳಲಾರದು.

ಚೀಲದ ಮಾತು ಹಾಗಿರಲಿ. ಕಾರಖಾನೆಯ ಅಪಘಾತವೊಂದರ ಹೇಳಿಕೆಯನ್ನು ಊಹಿಸಿಕೊಳ್ಳಿ. ಫಿಟ್ಟರನು ಹೆಲ್ಪರನಿಗೆ ಸ್ವಿಚ್ ಮುಟ್ಟಬೇಡವೆಂದು ಹೇಳಿದನೆಂದು ಮೊದಲ ವಾಕ್ಯ. ಎರಡನೆಯದು: ‘ಹಿ ಪ್ರೆಸ್ಡ್ ಇಟ್ ಅಂಡ್ ಹಿಸ್ ಹ್ಯಾಂಡ್ ವಾಸ್ ಕ್ರಶ್ಡ್’. ಒತ್ತಿದವನು ಯಾರು? ಜಜ್ಜಿದ್ದು ಯಾರ ಕೈ? ಹೆಲ್ಪರನೇ ಒತ್ತಿದ್ದರೆ ಅವನು ಮಾತು ಮೀರಿದವನು. ಫಿಟ್ಟರನು ಒತ್ತಿ ಹೆಲ್ಪರನ ಕೈ ಸಿಕ್ಕಿಕೊಂಡಿದ್ದರೆ ಹೆಲ್ಪರನು ನಿರಪರಾಧಿ. 1923ರ ಕಾರ್ಮಿಕರ ಪರಿಹಾರ ಕಾಯಿದೆಯಲ್ಲಿ ಒಂದು ನಿಬಂಧನೆಯಿತ್ತು: ಸುರಕ್ಷತೆಗೆಂದು ಸ್ಪಷ್ಟವಾಗಿ ಕೊಟ್ಟ ಆಜ್ಞೆಯನ್ನು ಕೆಲಸಗಾರನು ಬೇಕೆಂದೇ ಮೀರಿ ಗಾಯಗೊಂಡರೆ, ಸಾವಿನಂಥ ಪ್ರಸಂಗಗಳನ್ನು ಬಿಟ್ಟು, ಮಾಲಿಕನು ಪರಿಹಾರ ಕೊಡಬೇಕಾಗಿಲ್ಲ. ಹೀಗಿರುವಾಗ ಆ ‘ಹಿ’ ಯಾರೆಂಬುದು ಬರಿಯ ವ್ಯಾಕರಣದ ಪ್ರಶ್ನೆಯೇ? ಒಂದು ಸಂಸಾರದ ಅನ್ನದ ಪ್ರಶ್ನೆ.

‘ವಿ’ ಎಂಬುದೂ ಹೀಗೆಯೇ. ಇಲ್ಲಿಯ ಮರಾಠಿಯಲ್ಲಿ ಕೇಳುವವನನ್ನು ಬಿಟ್ಟು ಹೇಳುವ ‘ನಾವು’ ‘ಆಮ್ಹೀ’. ಕೇಳುವವನನ್ನೂ ಸೇರಿಸಿಕೊಂಡರೆ ‘ಆಪಣ’. ನಮ್ಮ ‘ನಾವು’ ಮತ್ತು ಇಂಗ್ಲಿಷಿನ ‘ವಿ’ ಈ ಭೇದವನ್ನು ತೋರಿಸುವುದಿಲ್ಲ. ‘ಖರ್ಚನ್ನು ನಾವು ಕೊಡುತ್ತೇವೆ’ ಎಂದು ಪತ್ರದಲ್ಲಿದ್ದರೆ, ಆ ‘ನಾವು’ ಎಂಬುದರಲ್ಲಿ ನಿಮ್ಮ ಜೇಬೂ ಸೇರಿದೆಯೇ ಎಂದು ಕೇಳಿ ತಿಳಿಯಿರಿ.

ಇದಕ್ಕೆ ಪರಿಹಾರವೇನು? ಸಂಶಯ ಬರುವ ಕಡೆ ಹೆಸರನ್ನೇ ಬರೆಯುವುದು. ಒಂದೇ ಹೆಸರನ್ನು ಪದೇ ಪದೇ ಬರೆದರೆ ಚೆಂದವಲ್ಲವೆಂದು ಶಾಲೆಯಲ್ಲಿ ಕಲಿತಿರುತ್ತೇವೆ. ಪ್ರಬಂಧಕ್ಕೆ ಆ ಮಾತು ಸರಿ. ರಸೀತಿ, ಹೇಳಿಕೆ, ಕರಾರುಗಳಿಗೆ ಅಲ್ಲ. ಸಾಲಪತ್ರವನ್ನು ನೋಡಿ. ಮೊದಲಿಗೆ ಇಬ್ಬರ ಹೆಸರನ್ನೂ ಬರೆದು, ಮುಂದೆ ಪ್ರತಿ ಸಾಲಿನಲ್ಲೂ ‘ಬಾರೋವರ್’, ‘ಲೆಂಡರ್’ ಎಂದೇ ಬರೆಯುತ್ತ ಹೋಗುತ್ತಾರೆ. ವಕೀಲರಿಗೆ ‘ಹಿ’ ಎಂಬ ಪದ ಗೊತ್ತಿಲ್ಲವೆಂದಲ್ಲ, ಅದರ ಅಪಾಯ ಗೊತ್ತಿದೆ.

ತಾವು ಮಾಡಬೇಕಾದುದಿಷ್ಟೆ. ಬರೆದು ಮುಗಿದ ಮೇಲೆ ಪೆನ್ಸಿಲ್ ಹಿಡಿದು ಪ್ರತಿಯೊಂದು ಸರ್ವನಾಮದ ಕೆಳಗೆ ಗೆರೆ ಎಳೆಯಿರಿ. ‘ಯಾರು? ಯಾವುದು?’ ಎಂದು ಕೇಳಿಕೊಳ್ಳಿ. ಹಿಂದೆ ಒಂದೇ ಹೆಸರು ಸಿಕ್ಕರೆ ಹಾಗೇ ಬಿಡಿ. ಎರಡು ಸಿಕ್ಕರೆ ಸರ್ವನಾಮವನ್ನು ಹೊಡೆದುಹಾಕಿ ಹೆಸರು ಬರೆಯಿರಿ. ಇನ್ನೊಬ್ಬರು ಬರೆದ ಹೇಳಿಕೆಗೆ ರುಜು ಹಾಕುವ ಮುನ್ನವೂ ಇದನ್ನೇ ಮಾಡಿ. ಇಂಗ್ಲಿಷ್ ಓದಲು ಬಾರದವರು ಓದಬಲ್ಲ ಗೆಳೆಯರಿಂದ ಕನ್ನಡದಲ್ಲಿ ಅರ್ಥ ಹೇಳಿಸಿಕೊಳ್ಳಿ. ‘ಅವನು’ ಎಂದಲ್ಲೆಲ್ಲ ‘ಯಾವನು?’ ಎಂದು ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ. ಬರೆದವರು ಬೇಸರಪಟ್ಟರೂ ಚಿಂತೆಯಿಲ್ಲ, ರುಜು ನಿಮ್ಮದು.